ತನ್ನ ನಂಬರು ತಾನೇ ಹೇಳುವ ಪೆಟ್ಟಿಗೆ

ಆ ಕಾರ್ಖಾನೆಯಲ್ಲಿದ್ದವರು ಇಪ್ಪತ್ತಾರು ಜನ. ಅವರಲ್ಲಿ ಇಪ್ಪತ್ತೈದು ಜನರೂ ಇಪ್ಪತ್ತಾರನೆಯವಳನ್ನು ಕರೆಯುತ್ತಿದ್ದುದು ನಂಬರ್ ಅಕ್ಕ ಎಂದೇ. ಗೇಲಿಗೆಂದು ಇಟ್ಟ ಹೆಸರು. ಇಟ್ಟವರು ಯಾರೆಂದೂ ಅಕ್ಕನಿಗೆ ಗೊತ್ತಿತ್ತು, ಹೊಟ್ಟೆಗೆ ಹಾಕಿಕೊಂಡಿದ್ದಳು. ಈಗ ಯಾರಾದರೂ ಹಾಗೆ ಕರೆದರೆ ಅವಳು ಕತ್ತು ಎತ್ತಿಯೇ ಓಗೊಡುತ್ತಾಳೆ. ಎತ್ತಲಿ ಬಿಡಿ, ಅಷ್ಟು ಜಂಭಕ್ಕೆ ಅವಳಿಗೆ ಹಕ್ಕಿದೆ. ಮೂವತ್ತು ವರ್ಷ ಒಂದೇ ಕಡೆ ದುಡಿದವರು ಬೇಕಾದಷ್ಟು ಜನ ಸಿಗುತ್ತಾರೆ. ಆರುನೂರ ಹನ್ನೆರಡು ಯಂತ್ರಗಳಿಗೆ ಸುಳ್ಳು ಹೇಳದ ಹಾಗೆ ಕಲಿಸಿದವರು ಎಷ್ಟು ಜನ ಸಿಗುತ್ತಾರೆ, ಹುಡುಕಿ ನೋಡಿ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಕೆಳಗೆ ಜೋಡಣೆಯ ಹಾಲು, ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೆ ಇಂಜಿನಿಯರುಗಳ ಕೋಣೆ. ಐದು ಮೇಜು, ಒಂದು ಬಿಳಿ ಬೋರ್ಡು, ಬೇಸಿಗೆಯಲ್ಲಿ ಮುಚ್ಚಲು ಬಾರದ, ಮಳೆಗಾಲದಲ್ಲಿ ತೆರೆಯಲು ಬಾರದ ಒಂದು ಕಿಟಕಿ. ಅಲ್ಲಿ ತಯಾರಾಗುತ್ತಿದ್ದುದು ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪಾರದರ್ಶಕ ಪೆಟ್ಟಿಗೆ. ಕೂಸಿನ ಹೊಟ್ಟೆಯ ಮೇಲೆ ಅಂಟಿಸಿದ ಸಣ್ಣ ತಂತಿಯೊಂದು ಮೈಯ ಬಿಸಿ ಅಳೆದು ಹೇಳುತ್ತದೆ. ಪೆಟ್ಟಿಗೆಯೊಳಗಿನ ಚಿಪ್ ಅದನ್ನು ಕೇಳಿಸಿಕೊಂಡು ಕಾವನ್ನು ಏರಿಸುತ್ತದೆ, ಇಳಿಸುತ್ತದೆ. ಆ ಚಿಪ್ಪಿನೊಳಗಿನ ಸಾಫ್ಟ್‌ವೇರ್ ಬರೆಯುವವರು ಮೇಲಿನ ಕೋಣೆಯವರು.

ಅಕ್ಕ ಅಲ್ಲಿಗೆ ಸೇರಿದ್ದು ಇಪ್ಪತ್ನಾಲ್ಕರ ವಯಸ್ಸಿನಲ್ಲಿ, ಕೆಳಗಿನ ಹಾಲಿನಲ್ಲಿ, ಚೀಟಿ ಅಂಟಿಸುವ ಕೆಲಸಕ್ಕೆ. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು, ಅದಕ್ಕೇ ಕೆಲಸ ಸಿಕ್ಕಿದ್ದು. ಮೇಲಿನಿಂದ ಒಂದು ತುಂಡು ಕಾಗದ ಬರುತ್ತಿತ್ತು: ಈ ಕಂತಿನ ಪೆಟ್ಟಿಗೆಗಳಲ್ಲಿ ಸಾಫ್ಟ್‌ವೇರಿನ ಇಂಥ ವರ್ಷನ್ ಇದೆ, ಬರೆದು ಅಂಟಿಸು. ಅವಳು ಬರೆಯುತ್ತಿದ್ದಳು, ಅಂಟಿಸುತ್ತಿದ್ದಳು. ಎರಡು ವರ್ಷ ಹಾಗೆ ಮಾಡಿದ ಮೇಲೆ ಅವಳಿಗೆ ಒಂದು ಚಪಲ ಹತ್ತಿತು. ತಾನು ಬರೆಯುವುದು ನಿಜವೋ ಸುಳ್ಳೋ ಎಂದು ತಿಳಿಯುವುದು ಹೇಗೆ?

ಊಟದ ಬಿಡುವಿನಲ್ಲಿ ಬುತ್ತಿ ಹಿಡಿದು ಮೆಟ್ಟಿಲು ಹತ್ತಲು ಶುರುಮಾಡಿದಳು. ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯ ಬೆರಳು ಪರದೆಯ ಮೇಲೆ. ಇದೇನು, ಅದೇನು, ಇದನ್ನು ತೆಗೆದರೆ ಏನಾಗುತ್ತದೆ? ಇಂಜಿನಿಯರುಗಳ ತಲೆ ತಿಂದಳು ಎನ್ನಬೇಕು. ಬೇಸತ್ತ ಒಬ್ಬರು ಒಂದು ಹಳೇ ಪುಸ್ತಕ ಕೊಟ್ಟು, "ತಗೊಳ್ಳಮ್ಮ, ಇದನ್ನ ಓದು, ನಮ್ಮನ್ನ ಬಿಡು" ಎಂದರು. ಅವಳು ಓದಿದಳು. ಬಿಡಲಿಲ್ಲ. ಹೀಗೆ ಏಳು ವರ್ಷ ಕಳೆಯುವಷ್ಟರಲ್ಲಿ ಐದನೆಯ ಮೇಜು ಅವಳದಾಯಿತು, ಬಿಲ್ಡ್ ಮಾಡುವ ಕೆಲಸ ಅವಳ ಪಾಲಿಗೆ ಬಂತು. ಬಿಲ್ಡ್ ಎಂದರೆ ಎಲ್ಲರೂ ಬರೆದಿಟ್ಟ ಕೋಡನ್ನು ಒಟ್ಟುಮಾಡಿ, ಚಿಪ್ಪಿಗೆ ತಿಳಿಯುವ ಭಾಷೆಗೆ ಇಳಿಸಿ, ಅದರೊಳಗೆ ತುಂಬುವುದು. ಬರೆಯುವವರಿಗೆ ಅದು ಬೇಸರದ ಕೆಲಸ. ಅಕ್ಕನಿಗೆ ಅದೇ ಪ್ರಾಣ.

ಮೇಲಿನ ಕೋಣೆಯ ಮುಖ್ಯ ಇಂಜಿನಿಯರರಿಗೂ ಒಂದು ಅಡ್ಡ ಹೆಸರಿತ್ತು: ಆಮೇಲೆ ಸಾರ್. ಏನು ಕೇಳಿದರೂ ಅವರ ಬಾಯಿಂದ ಬರುತ್ತಿದ್ದುದು "ಆಮೇಲೆ ನೋಡೋಣ" ಎಂಬ ಮಾತೇ. ಒಳ್ಳೆಯ ಮನುಷ್ಯ, ಬುದ್ಧಿವಂತ. ಆದರೆ ಇಂದಿನ ಕೆಲಸವನ್ನು ನಾಳೆಗೆ ಹಾಕುವುದರಲ್ಲಿ ಎತ್ತಿದ ಕೈ.

ಆಗಿನ ಪದ್ಧತಿ ಹೀಗಿತ್ತು. ಕೋಡಿನೊಳಗೆ ಒಂದು ಸಾಲು, ಅದರಲ್ಲಿ ವರ್ಷನ್ ನಂಬರು. ಕೋಡು ಬದಲಾಯಿಸಿದವರು ಆ ನಂಬರನ್ನೂ ಕೈಯಾರೆ ಬದಲಾಯಿಸಬೇಕು. ಬದಲಾಯಿಸುತ್ತಿದ್ದರೇ? ಎಲ್ಲಿಯ ಮಾತು! ಒಬ್ಬರಿಗೆ ಮರೆವು, ಇನ್ನೊಬ್ಬರಿಗೆ ಅವಸರ, ಮತ್ತೊಬ್ಬರಿಗೆ ಇಷ್ಟು ಸಣ್ಣ ಬದಲಾವಣೆಗೆ ಯಾಕೆ ಎಂಬ ಉದಾಸೀನ. ಅಕ್ಕ ಮೇಲಿನ ಕೋಣೆಗೆ ಬಂದು ಹತ್ತು ವರ್ಷವಾದ ಮೇಲೆ ಒಂದು ದಿನ ಪರೀಕ್ಷೆಯ ಬೆಂಚಿನ ಮೇಲೆ ಎರಡು ಪೆಟ್ಟಿಗೆ ಅಕ್ಕಪಕ್ಕ ಇಟ್ಟಳು. ಎರಡರ ಚೀಟಿಯಲ್ಲೂ ನಾಲ್ಕು ಪಾಯಿಂಟ್ ಎರಡು, ಎರಡರ ಪರದೆಯಲ್ಲೂ ಅದೇ. ಕಾವು ತಪ್ಪಿಸಿ ನೋಡಿದರೆ ಒಂದು ಪೆಟ್ಟಿಗೆ ಎರಡು ಸಲ ಎಚ್ಚರಿಕೆಯ ಕೂಗು ಹಾಕಿ ಸುಮ್ಮನಾಯಿತು. ಇನ್ನೊಂದು ಮೂರು ಸಲ ಕೂಗಿತು. ಹೆಸರು ಒಂದೇ, ಒಳಗಿನ ಸಾಫ್ಟ್‌ವೇರು ಬೇರೆ ಬೇರೆ!

ಅಕ್ಕನಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ತಾನು ಮುತ್ತಿನಂಥ ಅಕ್ಷರದಲ್ಲಿ ಬರೆದು ಅಂಟಿಸಿದ್ದರಲ್ಲಿ ಎಷ್ಟು ನಿಜವೋ ಎಷ್ಟು ಸುಳ್ಳೋ.

"ಸಾರ್, ಈ ನಂಬರನ್ನ ಮನುಷ್ಯರ ಕೈಯಿಂದ ತಪ್ಪಿಸ್ಬೇಕು. ಬಿಲ್ಡ್ ಮಾಡುವಾಗ ಅದೇ ತಾನಾಗಿ ಒಳಗೆ ಕೂರಬೇಕು" ಎಂದಳು ಮುಖ್ಯ ಇಂಜಿನಿಯರರ ಮೇಜಿನ ಮುಂದೆ ನಿಂತು.

"ಒಳ್ಳೆ ಯೋಚನೆ. ಆಮೇಲೆ ನೋಡೋಣ."

"ಯಾವ ಆಮೇಲೆ ಸಾರ್? ತಾರೀಖು ಹೇಳಿ, ಬರ್ಕೋತೀನಿ."

ಅವರು ನಕ್ಕರು, ಕೋಣೆಯವರೂ ನಕ್ಕರು. ನಂಬರ್ ಅಕ್ಕ ಎಂಬ ಹೆಸರು ಹುಟ್ಟಿದ್ದು ಅವತ್ತೇ, ಅವರ ಬಾಯಿಂದಲೇ.

ತಾರೀಖು ಯಾರೂ ಕೊಡಲಿಲ್ಲ. ಅಕ್ಕ ತಾನೇ ಹಟ ಹಿಡಿದು ಕೂತಳು. ನಾಲ್ಕು ತಿಂಗಳು ಊಟದ ಬಿಡುವೆಲ್ಲ ಅದಕ್ಕೇ ಹೋಯಿತು. ಕೊನೆಗೆ ತಯಾರಾದದ್ದು ನಲವತ್ತು ಸಾಲಿನ ಒಂದು ಪುಟ್ಟ ಸ್ಕ್ರಿಪ್ಟ್. ಅದು ಮಾಡುವ ಕೆಲಸ ಇಷ್ಟೇ. ಎಲ್ಲರ ಕೋಡೂ ಸರ್ವರಿನಲ್ಲಿ ದಾಖಲಾಗುತ್ತದೆ, ಪ್ರತಿ ದಾಖಲೆಗೂ ಒಂದು ಕ್ರಮಸಂಖ್ಯೆ ಇರುತ್ತದೆ. ಬಿಲ್ಡ್ ಶುರುವಾಗುತ್ತಿದ್ದಂತೆ ಈ ಸ್ಕ್ರಿಪ್ಟ್ ಸರ್ವರನ್ನು ಕೇಳುತ್ತದೆ: ಇದು ಎಷ್ಟನೆಯ ದಾಖಲೆಯ ಕೋಡು? ಗಡಿಯಾರವನ್ನು ಕೇಳುತ್ತದೆ: ಈಗ ತಾರೀಖೆಷ್ಟು, ಗಂಟೆಯೆಷ್ಟು? ಎರಡನ್ನೂ ಸೇರಿಸಿ ಸಾಫ್ಟ್‌ವೇರಿನ ಹೊಟ್ಟೆಯೊಳಗೇ ಬರೆದುಬಿಡುತ್ತದೆ. ಯಾರೂ ಕೈ ಹಾಕುವಂತಿಲ್ಲ. ಪೆಟ್ಟಿಗೆಯ ಮುಂದಿನ ಎರಡು ಗುಂಡಿಯನ್ನು ಒಟ್ಟಿಗೆ ಐದು ಎಣಿಸುವವರೆಗೆ ಒತ್ತಿ ಹಿಡಿದರೆ ಆ ನಂಬರು ಪರದೆಗೆ ಬರುತ್ತದೆ.

ಇನ್ನೊಂದು ಕಿತಾಪತಿಯನ್ನೂ ಅವಳು ಅದರಲ್ಲಿ ಸೇರಿಸಿದ್ದಳು. ಬಿಲ್ಡ್ ಮಾಡುವ ಕಂಪ್ಯೂಟರಿನಲ್ಲಿ ಸರ್ವರಿಗೆ ದಾಖಲಾಗದ ಒಂದೇ ಒಂದು ಬದಲಾವಣೆ ಉಳಿದಿದ್ದರೂ ನಂಬರಿನ ಕೊನೆಗೆ ಒಂದು ಸ್ಟಾರ್ ಗುರುತು ಬೀಳುತ್ತದೆ. ಸ್ಟಾರ್ ಇದೆ ಎಂದರೆ, ಒಳಗೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಏನೋ ಸೇರಿದೆ ಎಂದರ್ಥ. ಸ್ಟಾರ್ ಬಿದ್ದ ಪೆಟ್ಟಿಗೆ ಬಾಗಿಲು ದಾಟಬಾರದು. ಈ ನಿಯಮ ಮಾಡಿದವಳೂ ಅವಳೇ, ಪರೀಕ್ಷೆಯ ಹಾಳೆಯ ಕೆಳಗೆ ಸಹಿ ಹಾಕುವವಳೂ ಅವಳೇ.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಬಟ್ಟೆ ಮಡಿಸುತ್ತಿದ್ದರು. ಗಂಡ ಶಾಲೆಯ ಬಸ್ಸು ಓಡಿಸುವವನು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಬರುವ ಚಾಳಿ. "ಅಲ್ವೇ, ಪೆಟ್ಟಿಗೆ ಕೈಲೆಲ್ಲ ತಾರೀಖು, ಗಂಟೆ ಹೇಳಿಸ್ತೀಯ. ನನ್ನ ಮಗ ಯಾವಾಗ ಮನೆಗೆ ಬರ್ತಾನೆ ಅಂತ ಅವನ ಕೈಲಿ ಒಂದಿನ ಹೇಳಿಸು ನೋಡೋಣ" ಎಂದರು ಅತ್ತೆ. ಅಕ್ಕ ಬಿದ್ದು ಬಿದ್ದು ನಕ್ಕಳು.

ಮುಂದೊಮ್ಮೆ ಕಾರ್ಖಾನೆಯ ಯಜಮಾನರಿಗೇ ಅವಳ ಬಿಸಿ ಮುಟ್ಟಿತು. ಯಾರೋ ದೊಡ್ಡ ಗಿರಾಕಿ ನೋಡಲು ಬರುವವರಿದ್ದರು. ತೋರಿಸಲು ಇಟ್ಟಿದ್ದ ಪೆಟ್ಟಿಗೆಯ ನಂಬರಿನಲ್ಲಿ ಸ್ಟಾರ್ ಇತ್ತು.

"ಒಂದು ಸ್ಟಾರ್ ಅಳಿಸೋಕೆ ಏನಮ್ಮ ಕಷ್ಟ?" ಎಂದರು ಯಜಮಾನರು.

"ಎರಡು ನಿಮಿಷದ ಕೆಲಸ ಸಾರ್. ಆದ್ರೆ ಇವತ್ತು ನಾನು ಒಂದನ್ನ ಅಳಿಸಿದ್ರೆ, ಹೊರಗೆ ಹೋಗಿರೋ ಒಂದು ಪೆಟ್ಟಿಗೆ ಮಾತನ್ನೂ ನಾಳೆಯಿಂದ ನಾನು ನಂಬಲ್ಲ. ಬೇರೆ ಪೆಟ್ಟಿಗೆ ತೋರಿಸಿ."

ಕಡ್ಡಿ ಮುರಿದ ಹಾಗೆ ಹೇಳಿ ಮೆಟ್ಟಿಲು ಹತ್ತಿದಳು. ಯಜಮಾನರು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದು, ಬೇರೆ ಪೆಟ್ಟಿಗೆಯನ್ನೇ ತೋರಿಸಿದರು. ಕೆಳಗಿನ ಹಾಲಿನವರು ಇದನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು.

ಹೀಗೆ ಹನ್ನೊಂದು ವರ್ಷ ನಡೆಯಿತು. ಪೆಟ್ಟಿಗೆಗಳು ತೊಂಬತ್ತನಾಲ್ಕು ಆಸ್ಪತ್ರೆಗಳಿಗೆ ಹೋದವು. ಗುಂಡಿ ಒತ್ತಿ ನಂಬರು ಕೇಳುವ ಪ್ರಸಂಗ ಯಾರಿಗೂ ಬರಲಿಲ್ಲ. ಅಕ್ಕನ ನಂಬರು ಒಂದು ಹುಚ್ಚು ಎಂದೇ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು.

ಆ ಮಂಗಳವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಫೋನು ಬಂತು. ದೂರದ ಒಂದು ಸಣ್ಣ ಆಸ್ಪತ್ರೆಯ ನರ್ಸು. ಫೋನು ಎತ್ತಿದವಳು ಅಕ್ಕ.

"ನಿಮ್ಮ ಪೆಟ್ಟಿಗೆ ಸುಳ್ಳು ಹೇಳ್ತಿದೆ" ಎಂದಳು ನರ್ಸು, ನಮಸ್ಕಾರ ಗಿಮಸ್ಕಾರ ಏನಿಲ್ಲದೆ. "ಪರದೇಲಿ ಮೂವತ್ತಾರೂವರೆ ಅಂತಿದೆ. ಮಗು ಕಾಲು ಮುಟ್ಟಿದ್ರೆ ತಣ್ಣಗಿತ್ತು. ನೋಡಿದ್ರೆ ಹೊಟ್ಟೆ ಮೇಲಿನ ತಂತಿ ಕಿತ್ತು ಬಂದಿದೆ. ತಂತೀನೇ ಇಲ್ಲ, ಅಳತೆ ಎಲ್ಲಿಂದ ಬಂತು? ಯಾಕೆ ಕೂಗಲಿಲ್ಲ ಅದು?"

ಅಕ್ಕ ಕುರ್ಚಿಯಿಂದ ಎದ್ದು ನಿಂತಳು. "ಮಗು?"

"ಮಗು ಚೆನ್ನಾಗಿದೆ. ತಾಯಿ ಎದೆ ಮೇಲೆ ಮಲಗಿಸಿದೀವಿ. ನಾನು ನೋಡಿದ್ದಕ್ಕೆ ಚೆನ್ನಾಗಿದೆ."

ತಂತಿ ಕಳಚಿದರೆ ಪೆಟ್ಟಿಗೆ ಕಿವಿ ಕಿತ್ತುಹೋಗುವ ಹಾಗೆ ಕೂಗಬೇಕು. ಇದು ಕೂಗದೆ, ಹಳೆಯ ಅಳತೆಯನ್ನೇ ತೋರಿಸುತ್ತ ಕೂತಿತ್ತು. ಅಕ್ಕ ನರ್ಸಿಗೆ ಗುಂಡಿ ಒತ್ತಲು ಹೇಳಿದಳು. ನರ್ಸು ಪರದೆ ನೋಡಿ ಓದಿದಳು: ಐದು ಪಾಯಿಂಟ್ ಮೂರು, ಎರಡು ಸಾವಿರದ ಇನ್ನೂರ ಹದಿನಾರು, ಎಂಟು ತಿಂಗಳ ಹಿಂದಿನ ಒಂದು ತಾರೀಖು, ಹದಿಮೂರು ಗಂಟೆ ಐವತ್ತೆರಡು ನಿಮಿಷ. "ಕೊನೇಲಿ ಒಂದು ಸ್ಟಾರ್ ಇದೆ" ಎಂದಳು.

ಮೇಲಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ಮುಖ್ಯ ಇಂಜಿನಿಯರರು ಚೀಟಿಯ ಪುಸ್ತಕ ತೆಗೆದರು: ಐದು ಪಾಯಿಂಟ್ ಮೂರು ಎಂಬ ಚೀಟಿ ನೂರ ನಲವತ್ತು ಪೆಟ್ಟಿಗೆಗಳ ಮೇಲಿದೆ, ಆ ಚೀಟಿಗಳ ಮೇಲೆ ಯಾರಿಗೂ ನಂಬಿಕೆಯಿಲ್ಲ.

"ಬೇರೆ ದಾರಿ ಇಲ್ಲ. ಆರುನೂರ ಹನ್ನೆರಡನ್ನೂ ನಿಲ್ಲಿಸೋಕೆ ಹೇಳ್ಬೇಕು" ಎಂದರು.

"ನಿಲ್ಲಿಸಿದ್ರೆ ಅದರೊಳಗಿರೋ ಮಕ್ಕಳನ್ನ ಎಲ್ಲಿ ಇಡ್ತಾರೆ?" ಅಕ್ಕ ಕೇಳಿದಳು. "ಎಷ್ಟೋ ಕಡೆ ಇರೋದೇ ಒಂದು ಪೆಟ್ಟಿಗೆ."

ಅಕ್ಕ ಬೋರ್ಡಿನ ಹತ್ತಿರ ಹೋಗಿ ಪೆನ್ನು ಹಿಡಿದಳು. "ಸರ್ವರಲ್ಲಿ ಎರಡು ಸಾವಿರದ ಇನ್ನೂರ ಹದಿನಾರನೇ ದಾಖಲೆ ಹಾಗೇ ಇದೆ. ತೆಗೆದು ನೋಡಿ. ಅದು ಕೂಗುತ್ತಾ ಇಲ್ವಾ?"

ತಂತಿಯ ಅಳತೆ ಓದುವ ಸೆನ್ಸರ್ ಕೋಡು ಬರೆಯುತ್ತಿದ್ದ ಇಂಜಿನಿಯರ್ ತೆಗೆದು ನೋಡಿದಳು. ಮೂವತ್ತೈದರ ಹೆಂಗಸು, ದಪ್ಪ ಕನ್ನಡಕ, ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಕನ್ನಡಕ. ಅವಳು ಹಂಗಾಮಿಯಾಗಿ ಸೇರಿದ್ದವಳು. ಕಾಯಂ ಆಗುವುದೋ ಇಲ್ಲವೋ ಎಂಬುದು ಮುಂದಿನ ತಿಂಗಳು ತೀರ್ಮಾನವಾಗಬೇಕಿತ್ತು. ಹಳೆಯ ದಾಖಲೆಯ ಕೋಡನ್ನು ಪರೀಕ್ಷೆಯ ಪೆಟ್ಟಿಗೆಗೆ ತುಂಬಿ ತಂತಿ ಕಿತ್ತಳು. ಪೆಟ್ಟಿಗೆ ಕೂಗಿಕೊಂಡಿತು. ಕೆಳಗಿನ ಹಾಲಿನವರೆಲ್ಲ ತಲೆ ಎತ್ತಿ ನೋಡಿದರು.

"ಅಂದ್ರೆ ತಪ್ಪು ದಾಖಲೆ ಒಳಗಿಲ್ಲ, ಸ್ಟಾರ್ ಒಳಗಿದೆ" ಎಂದಳು ಅಕ್ಕ. "ಸ್ಟಾರ್ ಇಲ್ಲದ ಪೆಟ್ಟಿಗೇಲಿ ಏನಿದೆ ಅಂತ ನಮಗೆ ಒಂದೊಂದು ಸಾಲೂ ಗೊತ್ತು. ಅವನ್ನ ನಿಲ್ಲಿಸೋದು ಬೇಡ. ಸ್ಟಾರ್ ಇರೋದು ಯಾವುವು ಅಂತ ಪೆಟ್ಟಿಗೇನೇ ಕೇಳೋಣ. ಫೋನ್ ಎತ್ತಿ ಎಲ್ಲರೂ."

ಅವತ್ತಿನ ಗಲಾಟೆ ನೋಡಬೇಕಿತ್ತು. ಸ್ಕ್ರೂ ಬಿಗಿಯುವವರು, ಲೆಕ್ಕ ಬರೆಯುವವರು, ಕಾವಲುಗಾರ, ಯಜಮಾನರು, ಎಲ್ಲರ ಕೈಯಲ್ಲೂ ಫೋನು. ಮೊದಲು ತಂತಿ ಭದ್ರವಾಗಿದೆಯೇ ನೋಡಿ, ಮಗುವಿನ ಹತ್ತಿರ ಯಾರಾದರೂ ನಿಂತಿರಿ, ಆಮೇಲೆ ಎರಡು ಗುಂಡಿ ಒತ್ತಿ, ಐದು ಎಣಿಸಿ, ಓದಿ. ಗಂಟಲು ಕಟ್ಟಿದವರಿಗೆ ಬಿಸಿನೀರು ತರಲು ಒಬ್ಬರು ನಿಂತರು. ನಂಬರುಗಳು ಚೀಟಿಯಲ್ಲಿ ಮೇಲೆ ಬಂದವು, ಅಕ್ಕ ಒಂದೊಂದನ್ನೂ ಬೋರ್ಡಿಗೆ ಏರಿಸಿದಳು. ಚೀಟಿಯ ಮೇಲೆ ಐದು ಪಾಯಿಂಟ್ ಎರಡು ಎಂದಿದ್ದ ಹನ್ನೊಂದು ಪೆಟ್ಟಿಗೆಗಳು ನಾವು ಐದು ಪಾಯಿಂಟ್ ಮೂರು ಎಂದವು. ಅದರಲ್ಲಿ ಎರಡಕ್ಕೆ ಸ್ಟಾರ್ ಇತ್ತು. ಚೀಟಿ ನಂಬಿ ಕೂತಿದ್ದರೆ ಆ ಎರಡು ತಪ್ಪಿಸಿಕೊಳ್ಳುತ್ತಿದ್ದವು.

ನಾಲ್ಕು ಗಂಟೆಗೆ ಕೊನೆಯ ನಂಬರು ಬಂತು. ಸ್ಟಾರ್ ಇದ್ದುದು ಮೂವತ್ತೇಳು, ಎಲ್ಲವೂ ಆ ಒಂದೇ ದಿನದ, ಒಂದೇ ನಿಮಿಷದ ಬಿಲ್ಡು. ಅವುಗಳಲ್ಲಿ ಏಳರಲ್ಲಿ ಮಾತ್ರ ಮಕ್ಕಳಿದ್ದವು. ಏಳನ್ನೂ ಅಷ್ಟರಲ್ಲೇ ಬೇರೆ ಕಡೆ ಮಲಗಿಸಿದ್ದರು. ಉಳಿದ ಐದುನೂರ ಎಪ್ಪತ್ತೈದು ಪೆಟ್ಟಿಗೆಗಳು ಒಂದು ಗಳಿಗೆಯೂ ನಿಲ್ಲಲಿಲ್ಲ. ನೂರ ಎಂಬತ್ತೊಂದು ಕೂಸುಗಳು ಇದ್ದ ಜಾಗದಲ್ಲೇ ನಿದ್ದೆ ಮಾಡುತ್ತಿದ್ದವು. ಕೆಳಗಿನ ಹಾಲಿನವರು ಚಪ್ಪಾಳೆ ತಟ್ಟಿದರು. ಅಕ್ಕನಿಗೆ ಕಣ್ಣು ತುಂಬಿ ಬಂತು, ಹೆಮ್ಮೆ ತಡೆಯಲಾಗಲಿಲ್ಲ. ಹನ್ನೊಂದು ವರ್ಷ ಹುಚ್ಚು ಅನ್ನಿಸಿಕೊಂಡದ್ದು ಸಾರ್ಥಕವಾಯಿತು ಎಂದುಕೊಂಡಳು.

ಆ ಹೆಮ್ಮೆ ಹತ್ತು ನಿಮಿಷವೂ ಉಳಿಯಲಿಲ್ಲ.

"ಈಗ ಹೇಳಿ, ಆ ಸ್ಟಾರ್ ಯಾರದ್ದು?" ಎಂದರು ಯಜಮಾನರು.

ಮುಖ್ಯ ಇಂಜಿನಿಯರರು ಕೆಮ್ಮಿದರು. "ಬಿಲ್ಡ್ ಆಗೋದು ಅಕ್ಕನ ಕಂಪ್ಯೂಟರಲ್ಲಿ. ಆದ್ರೆ ಸೆನ್ಸರ್ ಕೋಡು ಮುಟ್ಟೋರು ಇಲ್ಲಿ ಒಬ್ಬರೇ. ಆ ವಾರ ಇವರು ದಿನಾ ಅಕ್ಕನ ಮೇಜಲ್ಲೇ ಕೂತು ಅಳತೆ ಸರಿಮಾಡ್ತಿದ್ರು." ಎಲ್ಲರೂ ಕನ್ನಡಕದ ಕಡೆ ತಿರುಗಿದರು.

ಅವಳು ಕನ್ನಡಕ ತೆಗೆದು ಒರೆಸಿದಳು, ಮತ್ತೆ ಒರೆಸಿದಳು. "ನನಗೆ ನೆನಪಿಲ್ಲ ಸಾರ್" ಎಂದಳು ಸಣ್ಣ ದನಿಯಲ್ಲಿ. "ಏನಾದ್ರೂ ಬಿಟ್ಟುಹೋಗಿದ್ದೆನೋ ಏನೋ. ನಂದೇ ಇರಬೇಕು."

ಅಕ್ಕ ಬೋರ್ಡು ನೋಡುತ್ತಿದ್ದಳು. ತನ್ನದೇ ಅಕ್ಷರ: ಹದಿಮೂರು ಐವತ್ತೆರಡು. ಅಂದರೆ ಮಧ್ಯಾಹ್ನ ಎರಡಕ್ಕೆ ಎಂಟು ನಿಮಿಷ. ಆ ಹೊತ್ತು ಅವಳಿಗೆ ನಿಧಾನವಾಗಿ ನೆನಪಾಯಿತು. ಅವತ್ತು ಬೆಂಚಿನ ಮೇಲೆ ಸಾಲಾಗಿ ಪೆಟ್ಟಿಗೆಗಳಿದ್ದವು. ಪರೀಕ್ಷೆಗೆಂದು ತಂತಿ ಕಿತ್ತು ಕಿತ್ತು ಹಾಕುತ್ತಿದ್ದರೆ ಒಂದೇ ಸಮ ಕೂಗು. ತಲೆ ಸಿಡಿಯುತ್ತಿತ್ತು. ಊಟಕ್ಕೆ ಮುಂಚೆ ತಾನೇ ಆ ಸಾಲನ್ನು ತೆರೆದು ಕೂಗು ಬಾರದ ಹಾಗೆ ಮಾಡಿದ್ದಳು, ಬರೀ ಬೆಂಚಿನ ಮಟ್ಟಿಗೆ, ಅರ್ಧ ಗಂಟೆಯ ಮಟ್ಟಿಗೆ. ಊಟ ಮುಗಿಸಿ ಬಂದು, ಅದನ್ನು ಮರೆತು, ಬಿಲ್ಡ್ ಒತ್ತಿದ್ದಳು. ಸ್ಟಾರ್ ಬಿದ್ದಿತ್ತು. ಬಿದ್ದದ್ದನ್ನು ನೋಡಿಯೂ ಇದ್ದಳು! ಬೆಳಿಗ್ಗೆ ಚೀಟಿ ಮುದ್ರಿಸುವ ಪ್ರಿಂಟರಿನ ಒಂದು ಸಾಲು ಬದಲಾಯಿಸಿದ್ದೆ, ಅದರ ಸ್ಟಾರ್ ಇದು, ನನ್ನದೇ ತಾನೇ ಎಂದುಕೊಂಡು ಸಹಿ ಹಾಕಿದ್ದಳು. ಯಜಮಾನರಿಗೆ ಒಂದು ಸ್ಟಾರ್ ಬಿಟ್ಟುಕೊಡದವಳು ತನಗೆ ತಾನೇ ಬಿಟ್ಟುಕೊಂಡಿದ್ದಳು.

ಅದನ್ನು ಕಂಡವರು ಯಾರೂ ಇಲ್ಲ. ನಂಬರು ನಿಮಿಷ ಹೇಳುತ್ತದೆ, ಕೈ ಯಾರದೆಂದು ಹೇಳುವುದಿಲ್ಲ. ಹಾಳೆಯ ಮೇಲಿನ ಸಹಿ ಯಾರಾದರೂ ತೋರಿಸಿದರೂ ಸ್ಟಾರ್ ಕಣ್ತಪ್ಪಿತು ಎಂದರೆ ಸಾಕು, ಮುಂದೆ ಕೇಳುವವರಿಲ್ಲ. ಮೂವತ್ತು ವರ್ಷದ ಹೆಸರು ಉಳಿಯುತ್ತದೆ. ಮಧ್ಯಾಹ್ನದ ಚಪ್ಪಾಳೆ ಉಳಿಯುತ್ತದೆ. ಒಂದು ಕ್ಷಣ ಹಾಗೇ ಮಾಡೋಣ ಅನ್ನಿಸಿತು ಅವಳಿಗೆ. ಸುಳ್ಳು ಯಾಕೆ, ನಿಜವಾಗಿಯೂ ಅನ್ನಿಸಿತು. ಅಷ್ಟರಲ್ಲಿ ಕನ್ನಡಕ ತನ್ನ ಮೇಜಿನ ಖಾನೆ ಎಳೆದು, ಪೆನ್ನು, ಡಬ್ಬಿ ಚೀಲಕ್ಕೆ ಹಾಕಿಕೊಳ್ಳುವುದು ಕಾಣಿಸಿತು.

"ಚೀಲ ಇಡಮ್ಮ ಕೆಳಗೆ" ಎಂದಳು ಅಕ್ಕ. ಧ್ವನಿ ಅವಳಿಗೇ ಜೋರಾಗಿ ಕೇಳಿಸಿತು. "ಆ ಸ್ಟಾರ್ ನಂದು. ಕೂಗು ನಿಲ್ಲಿಸಿದ್ದು ನಾನು, ಮರೆತದ್ದು ನಾನು, ಸ್ಟಾರ್ ನೋಡಿನೂ ಸಹಿ ಹಾಕಿದ್ದು ನಾನು. ಇವರು ಅವತ್ತು ಹನ್ನೊಂದು ಗಂಟೆಗೇ ನನ್ನ ಮೇಜಿಂದ ಎದ್ದುಹೋಗಿದ್ರು."

ಯಜಮಾನರು ಅಕ್ಕನನ್ನೇ ನೋಡಿದರು. "ನೀನು ಹೇಳದೇ ಇದ್ರೆ ನಮಗೆ ಗೊತ್ತಾಗ್ತಿರಲಿಲ್ಲ" ಎಂದರು.

"ಅದಕ್ಕೇ ಹೇಳಿದ್ದು ಸಾರ್. ಏನು ಮಾಡಬೇಕೋ ಮಾಡಿ."

ಯಜಮಾನರು ಕನ್ನಡಕದ ಮೇಜಿನ ಹತ್ತಿರ ಹೋಗಿ, "ತಪ್ಪಾಯ್ತಮ್ಮ" ಎಂದರು. ಆಮೇಲೆ ಎಲ್ಲರ ಕಡೆ ತಿರುಗಿ, "ಮೂವತ್ತೇಳಕ್ಕೂ ಹೊಸ ಸಾಫ್ಟ್‌ವೇರ್ ನಾಳೆ ಹೊರಡಬೇಕು. ಬಿಲ್ಡ್ ಯಾರು ಮಾಡೋದು?"

"ಅಕ್ಕಾನೇ" ಎಂದರು ಮುಖ್ಯ ಇಂಜಿನಿಯರರು, ಯೋಚಿಸುವ ಮೊದಲೇ. ಜೀವಮಾನದಲ್ಲಿ ಮೊದಲ ಸಲ ಅವರ ಬಾಯಿಂದ ಆಮೇಲೆ ಎಂಬ ಮಾತು ಬರಲಿಲ್ಲ.

ಸಂಜೆ ಮನೆಗೆ ಬಂದವಳು ಚಪ್ಪಲಿ ಕಳಚದೆ ಅತ್ತೆಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು, ಅತ್ತಳು. ಅತ್ತೆ ಪೂರ್ತಿ ಕೇಳಿಸಿಕೊಂಡರು. "ಅಳು, ಅಳೋ ಅಷ್ಟು ತಪ್ಪೇ ಮಾಡಿದೀಯ" ಎಂದರು. ನೀರಿನ ಲೋಟ ಮುಂದಿಟ್ಟು, "ಮೂವತ್ತು ವರ್ಷ ಆ ಪೆಟ್ಟಿಗೆ, ಪೆಟ್ಟಿಗೆ ಅಂತ ನನ್ನ ಪ್ರಾಣ ತಿಂದೆ. ಇವತ್ತು ಮೊದಲ ಸಲ ನನ್ನ ಸೊಸೆ ಏನು ಕೆಲಸ ಮಾಡ್ತಾಳೆ ಅಂತ ನನಗೆ ಅರ್ಥ ಆಯ್ತು ನೋಡು. ಎದ್ದು ಮುಖ ತೊಳ್ಕೊ" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಮರುದಿನ ಬೆಳಿಗ್ಗೆ ಅಕ್ಕ ಎಲ್ಲರಿಗಿಂತ ಮೊದಲು ಬಂದಳು. ಹೊಸ ಬಿಲ್ಡಿಗೆ ಕೈ ಹಾಕಲಿಲ್ಲ. ಹಳೆಯ ನಲವತ್ತು ಸಾಲಿನ ಸ್ಕ್ರಿಪ್ಟ್ ತೆರೆದು ಮೂರು ಸಾಲು ಸೇರಿಸಿದಳು. ಇನ್ನು ಮುಂದೆ ಸ್ಟಾರ್ ಬೀಳುವಂತಿದ್ದರೆ ಹೊರಗೆ ಹೋಗುವ ಪೆಟ್ಟಿಗೆಗೆ ಬಿಲ್ಡೇ ಆಗಬಾರದು. ಯಾರ ಕಂಪ್ಯೂಟರೇ ಆಗಲಿ, ಯಾರ ಸಹಿಯೇ ಇರಲಿ. ಕನ್ನಡಕವನ್ನು ಪಕ್ಕಕ್ಕೆ ಕೂರಿಸಿಕೊಂಡು ಮೂರೂ ಸಾಲು ಓದಿಸಿದಳು, ಅವಳು ಒಪ್ಪಿದ ಮೇಲೆಯೇ ಸರ್ವರಿಗೆ ದಾಖಲಿಸಿದಳು. ಆಮೇಲೆ ಪರೀಕ್ಷಿಸಲೆಂದು ಕೋಡಿನಲ್ಲಿ ಎಲ್ಲೋ ಒಂದು ಖಾಲಿ ಸಾಲು ಸೇರಿಸಿ ಬಿಲ್ಡ್ ಒತ್ತಿದಳು. ಪರದೆಯಲ್ಲಿ ಕೆಂಪಕ್ಷರ ಬಂತು: ಆಗುವುದಿಲ್ಲ. ಮತ್ತೆ ಒತ್ತಿದಳು. ಆಗುವುದಿಲ್ಲ.

"ನೋಡು, ನನಗೇ ಆಗಲ್ಲ ಅಂತಿದೆ!" ಎಂದು ಅಕ್ಕ ನಗಲು ಶುರುಮಾಡಿದಳು. ಎರಡು ದಿನದಲ್ಲಿ ಮೊದಲ ನಗು ಅದು. ಕನ್ನಡಕವೂ ನಕ್ಕಳು. ಖಾಲಿ ಸಾಲು ತೆಗೆದು, ಕೋಡು ಚೊಕ್ಕವಾಗಿದೆಯೆಂದು ಇಬ್ಬರೂ ನೋಡಿ ಬಿಲ್ಡ್ ಒತ್ತಿದರು. ಈ ಸಲ ಆಯಿತು. ಮಧ್ಯಾಹ್ನದೊಳಗೆ ಚಿಪ್ಪುಗಳನ್ನು ಹಿಡಿದು ರಿಪೇರಿಯವರು ಹೊರಟರು.

ಶುಕ್ರವಾರ ಹನ್ನೊಂದಕ್ಕೆ ಫೋನು ಬಂತು. ಮೊದಲು ಫೋನು ಮಾಡಿದ್ದ ಅದೇ ನರ್ಸು. ಈ ಸಲವೂ ನಮಸ್ಕಾರವಿಲ್ಲ.

"ನಿಮ್ಮೋರು ಬಂದು ಹೊಸದು ಹಾಕಿ ಹೋದ್ರು. ಪೆಟ್ಟಿಗೆ ಮುಂದೇನೇ ನಿಂತಿದೀನಿ. ನಂಬರ್ ಓದ್ತೀನಿ, ಸರಿ ಇದೆಯಾ ಹೇಳಿ." ಒಂದೊಂದೇ ಅಂಕಿ ಬಿಡಿಸಿ ಓದಿದಳು. ಅಕ್ಕ ತನ್ನ ಪರದೆಯಲ್ಲಿ ಒಂದೊಂದೇ ಅಂಕಿಗೆ ಬೆರಳಿಟ್ಟು ಸರಿ, ಸರಿ ಎಂದಳು.

"ತಂತಿ ಕಿತ್ತು ನೋಡಿದೆ, ಕೂಗಿದ ಕೂಗಿಗೆ ಡಾಕ್ಟರು ಓಡಿ ಬಂದ್ರು" ಎಂದಳು ನರ್ಸು. "ಈ ಬಿಲ್ಡೋ ಏನೋ, ಇದನ್ನ ಮಾಡಿದ್ದು ಯಾರು?"

"ನಾನೇ."

"ಮೊದಲು ಇದ್ದಿದ್ದನ್ನ?"

"ಅದನ್ನೂ ನಾನೇ ಸಿಸ್ಟರ್."

ಅಕ್ಕ ಬೈಗುಳಕ್ಕೆ ಕಾದಳು. ಬಂದರೆ ತಲೆ ಬಗ್ಗಿಸಿ ಕೇಳುವುದೆಂದು ಮನಸ್ಸು ಮಾಡಿಕೊಂಡಿದ್ದಳು.

"ಸರಿ" ಎಂದಳು ನರ್ಸು. "ಫೋನ್ ಇಡಬೇಡಿ. ಬಂದೆ."

ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ದೂರ ಹೋಗುವ ಹೆಜ್ಜೆ, ಯಾರೋ ಹೆಂಗಸಿನ ಮಾತು, ಹತ್ತಿರ ಬರುವ ಎರಡು ಜೋಡಿ ಹೆಜ್ಜೆ. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಯಾವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಣ್ಣದೊಂದು ಅಳು ಕೇಳಿಸಿತು, ತಾಯಿ ಶ್ ಶ್ ಎಂದು ಸಮಾಧಾನ ಮಾಡುವುದು ಕೇಳಿಸಿತು, ಮುಚ್ಚಳ ಮುಚ್ಚಿತು, ಅಳು ನಿಂತಿತು. ಕೋಣೆಯಲ್ಲಿ ಉಳಿದ ನಾಲ್ಕು ಮೇಜಿನವರೂ ಕೆಲಸ ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿದ್ದರು.

"ಏನಂತೆ ಅಕ್ಕಾ?" ಎಂದಳು ಕನ್ನಡಕ.

ಅಕ್ಕ ಫೋನು ಕೆಳಗಿಡದೆ ಅವರ ಕಡೆ ತಿರುಗಿದಳು. "ನಮ್ಮ ಪೆಟ್ಟಿಗೆ ಒಳಗೆ ಮಗೂನ ಮಲಗಿಸಿದ್ರು" ಎಂದಳು.